ಸಿವಾ ಓಯಸಿಸ್‌ನ ಸಮಾಧಿ ಬೆಟ್ಟ: ಒಂದು ಬೆಳಗನ್ನು ಪೂರ್ತಿಯಾಗಿ ಮೀಸಲಿಡಿ

ಕೋಲಾರದ ಕಡೆಯಿಂದ ಈಜಿಪ್ಟ್ ಪ್ರವಾಸಕ್ಕೆ ಹೊರಡುವ ನಮ್ಮವರು ಸಾಮಾನ್ಯವಾಗಿ ಪಿರಮಿಡ್ಡುಗಳನ್ನೂ ಲಕ್ಸರನ್ನೂ ನೋಡಿ ಹಿಂದಿರುಗುತ್ತಾರೆ. ಇನ್ನು ಮೂರು ದಿನ ಹೊಂದಿಸಿಕೊಳ್ಳಬಲ್ಲವರು ಲಿಬಿಯಾ ಗಡಿಯ ಸಮೀಪದ ಸಿವಾ ಓಯಸಿಸ್‌ಗೆ ಹೋಗಿ, ಅಲ್ಲಿನ ಗೆಬೆಲ್ ಅಲ್-ಮಾವ್ತಾ ಎಂಬ ಪ್ರಾಚೀನ ಸಮಾಧಿ ಬೆಟ್ಟವನ್ನು ತಪ್ಪದೆ ನೋಡಬೇಕೆಂಬುದು ನನ್ನ ಒತ್ತಾಯ.

ಮೆಡಿಟರೇನಿಯನ್ ತೀರದ ಮರ್ಸಾ ಮತ್ರೂಹ್‌ನಿಂದ ಸಿವಾಕ್ಕೆ ಮರಳುಗಾಡಿನ ನಡುವೆ ಸುಮಾರು 300 ಕಿ.ಮೀ. ರಸ್ತೆಯಿದೆ. ಬೆಟ್ಟವು ಊರಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದ್ದು, ಅಂತರಗಂಗೆಯ ಮೆಟ್ಟಿಲು ಹತ್ತಿ ರೂಢಿಯಿರುವವರಿಗೆ ಅದರ ಏರು ದಣಿವೆನಿಸುವುದಿಲ್ಲ.

ಇಳಿಜಾರಿನ ಉದ್ದಕ್ಕೂ ಬಂಡೆಯನ್ನು ಕೊರೆದು ಮಾಡಿದ ಸಮಾಧಿಗಳಿವೆ. ಇವು ಈಜಿಪ್ಟಿನ 26ನೇ ರಾಜವಂಶದ (ಕ್ರಿ.ಪೂ. 7–6ನೇ ಶತಮಾನ) ಕಾಲದಿಂದ ಗ್ರೀಕ್ ಮೂಲದ ಟಾಲೆಮಿ ಅರಸರ ಹಾಗೂ ರೋಮನ್ನರ ಕಾಲದವರೆಗಿನವು. ಹೆಚ್ಚಿನವು ಬರಿದಾಗಿದ್ದರೂ ಸಿ-ಅಮುನ್ ಎಂಬಾತನ ಸಮಾಧಿಯೊಂದಕ್ಕಾಗಿಯೇ ಅಷ್ಟು ದೂರ ಹೋಗಬಹುದು. ಅದರ ಗೋಡೆಯ ಚಿತ್ರಗಳಲ್ಲಿ ಗಡ್ಡಧಾರಿಯಾದ ಆತ ಈಜಿಪ್ಟಿನ ದೇವತೆಗಳ ಮುಂದೆ ನಿಂತಿದ್ದರೆ, ಪಕ್ಕದಲ್ಲಿರುವ ಮಗ ಗ್ರೀಕರ ಶೈಲಿಯ ಮೇಲುಹೊದಿಕೆ ತೊಟ್ಟಿದ್ದಾನೆ. ಎರಡು ನಾಡುಗಳ ಬದುಕು ಒಂದೇ ಮನೆಯಲ್ಲಿ ಬೆರೆತದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅತ್ತಿಯ ಜಾತಿಯ ಮರದ ಬಳಿ ನಿಂತ ಆಕಾಶದೇವತೆ ನಟ್‌ಳನ್ನೂ, ಚಾವಣಿಯ ನಕ್ಷತ್ರಗಳನ್ನೂ ರಣಹದ್ದುಗಳನ್ನೂ ಆತುರವಿಲ್ಲದೆ ನೋಡಬೇಕು. ಮೆಸು-ಐಸಿಸ್‌ನ ಸಮಾಧಿ ಮತ್ತು ಮೊಸಳೆಯ ಚಿತ್ರವಿರುವ ಸಮಾಧಿ ಇದರ ನಂತರದ ಸ್ಥಾನದಲ್ಲಿ ಬರುತ್ತವೆ.

ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ, ಇಟಲಿಯ ವಿಮಾನದಾಳಿಗೆ ಹೆದರಿದ ಊರ ಜನ ಈ ಬೆಟ್ಟದಲ್ಲಿ ಆಶ್ರಯ ಪಡೆದಾಗ ಸಿ-ಅಮುನ್‌ನ ಸಮಾಧಿ ಬೆಳಕಿಗೆ ಬಂದಿತು. ಆಗಲೇ ಚಿತ್ರಗಳ ಕೆಲವು ಭಾಗಗಳನ್ನು ಕತ್ತರಿಸಿ ಸೈನಿಕರಿಗೆ ಮಾರಲಾಯಿತು. ಗೋಡೆಯ ಆ ಖಾಲಿ ಜಾಗಗಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ನಮ್ಮ ಪ್ರವಾಸವನ್ನು ಏರ್ಪಡಿಸಿದ್ದವರು ಇಲ್ಲಿಗೆ ಕೊಟ್ಟ ಸಮಯ ತೀರಾ ಕಡಿಮೆ. ಮಾತುಕತೆಯ ಹಂತದಲ್ಲಿಯೇ ಒಂದು ಬೆಳಗನ್ನು ಪೂರ್ತಿಯಾಗಿ ಕೇಳಿ ಪಡೆಯಿರಿ. ಚಿತ್ರಗಳಿರುವ ಸಮಾಧಿಗಳಿಗೆ ಬೀಗ ಹಾಕಿರುವುದರಿಂದ ಕಾವಲುಗಾರರನ್ನು ಜೊತೆಗೆ ಕರೆದೊಯ್ಯಬೇಕು. ಒಳಗೆ ಫೋಟೋ ತೆಗೆಯಬಹುದೇ ಎಂದು ಅವರನ್ನೇ ಮೊದಲು ಕೇಳಿ. ಗೋಡೆಗೆ ಬೆನ್ನಾಗಲಿ ಚೀಲವಾಗಲಿ ತಾಗದಂತೆ ನಿಲ್ಲಿ. ನೆರಳು ಬಹಳ ಕಡಿಮೆಯಾದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.