ಗುಂಪು ಕಾಯುವುದೋ, ಅಂಗಡಿಗೆ ಕಳಿಸುವುದೋ?

ಇಂಗ್ಲೆಂಡ್, ವೇಲ್ಸ್‌ನಲ್ಲಿ ತಪ್ಪು ಮಾಡಿದವರಿಗೆ ಕೋರ್ಟು 40ರಿಂದ 300 ಗಂಟೆ ಸಂಬಳವಿಲ್ಲದ ಕೆಲಸ ಕೊಡಬಹುದು. ಅದನ್ನು ಮಾಡಿಸುವ ಕೆಲಸಕ್ಕೆ ಸೇರಬೇಕು ಅಂತಿದ್ದೀರಾ? ಮಾಡಿಸುವುದು ಎರಡು ಥರ: ಗುಂಪು ಕಟ್ಟಿಕೊಂಡು ಹೊರಗೆ, ಇಲ್ಲವೇ ಒಬ್ಬೊಬ್ಬರನ್ನೇ ಅಂಗಡಿಗೆ ಕಳಿಸಿ.

ಗುಂಪಾದರೆ ದಿನವಿಡೀ ನೀವೇ ಜೊತೆಗಿರಬೇಕು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ, ಕಸ ಹೆಕ್ಕಿಸಬೇಕು, ಬೇಲಿಗೆ ಬಣ್ಣ ಹೊಡೆಸಬೇಕು. ಸಂಜೆ ಸಲಿಕೆ, ಕತ್ತರಿ ಎಣಿಸಿ ವ್ಯಾನಿಗೆ ತುಂಬಬೇಕು. ಒಂದು ಕಡಿಮೆ ಬಂತೋ, ಮತ್ತೆ ಪೊದೆಯೊಳಗೆ ಹುಡುಕಾಟ. ಫೋನ್ ಹಿಡಿದು ಮೂಲೆ ಸೇರಿದವನನ್ನು ಬೈಯದೆ ಎಬ್ಬಿಸುವುದೇ ದೊಡ್ಡ ವಿದ್ಯೆ. ಅಲ್ಲಿನ ಮಳೆ ಬೇರೆ!

ಚಾರಿಟಿ ಅಂಗಡಿಗೆ (ದಾನ ಬಂದ ಸಾಮಾನು ಮಾರಿ ಸೇವಾಕಾರ್ಯಕ್ಕೆ ಹಣ ಕೂಡಿಸುವ ಅಂಗಡಿ) ಒಬ್ಬೊಬ್ಬರನ್ನೇ ಕಳಿಸಿದರೆ ಪಕ್ಕದಲ್ಲಿರುವವರು ಅಂಗಡಿಯವರು. ನಿಮ್ಮದು ಭೇಟಿ, ಫೋನು, ಗಂಟೆಗಳ ಲೆಕ್ಕ. ಮೈಗೆ ಸುಲಭ. ಆದರೆ ನಿಮಗೆ ಹಾಜರಿಯ ಸಹಿ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಗುಂಪೇ ವಾಸಿ, ಬೆನ್ನುನೋವು ಇಲ್ಲದಿದ್ದರೆ.