ಶಿಮ್ಲಾ ರೈಲೋ, ಡಾರ್ಜಿಲಿಂಗ್ ರೈಲೋ: ಕಲಬುರಗಿ ಕಡೆಯಿಂದ ಹೊರಡುವವರಿಗೆ

ಬೇಸಿಗೆ ರಜೆಯಾದರೆ ಶಿಮ್ಲಾ, ದಸರಾ–ದೀಪಾವಳಿ ರಜೆಯಾದರೆ ಡಾರ್ಜಿಲಿಂಗ್. ಎರಡೂ ಊರಿಗೆ ಬೆಟ್ಟ ಹತ್ತುವ ಪುಟ್ಟ ಗಾಡಿಗಳಲ್ಲಿ (ಟಾಯ್ ಟ್ರೇನ್) ಕೂತು ನೋಡಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಬೇಕಾಗುತ್ತದೆ: ಶಿಮ್ಲಾದ ಗಾಡಿಯನ್ನು ಬುಡದಿಂದ ತುದಿಯವರೆಗೆ ಹತ್ತಬೇಕು, ಡಾರ್ಜಿಲಿಂಗ್‌ನದನ್ನು ಮೇಲೆ ಹೋದ ನಂತರ ತುಂಡು ದಾರಿಗಷ್ಟೇ ಹತ್ತಿದರೆ ಸಾಕು. ನಮ್ಮ ಕಡೆಯ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ದಾರಿಯ ಲೆಕ್ಕದಲ್ಲಿ ಶಿಮ್ಲಾ ಸಲೀಸು. ಯಾದಗಿರಿ, ವಾಡಿ, ಕಲಬುರಗಿ ಎಲ್ಲಿ ಹತ್ತಿದರೂ ಕರ್ನಾಟಕ ಎಕ್ಸ್‌ಪ್ರೆಸ್ ಸೀದಾ ನವದೆಹಲಿಗೆ ಒಯ್ಯುತ್ತದೆ. ಅದು ಮರುದಿನ ಅಲ್ಲಿಗೆ ಮುಟ್ಟುವ ಹೊತ್ತಿಗೆ ಶಿಮ್ಲಾ ಬೆಟ್ಟದ ಬುಡದ ಊರಾದ ಕಾಲ್ಕಾಕ್ಕೆ ಹೋಗುವ ಬೆಳಗಿನ ಶತಾಬ್ದಿ ಹೋಗಿಬಿಟ್ಟಿರುತ್ತದೆ. ಅದೇ ನಿಲ್ದಾಣದಿಂದ ಸಂಜೆಯ ಶತಾಬ್ದಿ ಹಿಡಿದು, ರಾತ್ರಿ ಕಾಲ್ಕಾದಲ್ಲಿ ತಂಗಿ, ನಸುಕಿನಲ್ಲಿ ಟಾಯ್ ಟ್ರೇನ್ ಹತ್ತುವುದು ಸರಿಯಾದ ಕ್ರಮ. ಡಿಸೆಂಬರ್–ಜನವರಿಯಲ್ಲಿ ಉತ್ತರದ ದಟ್ಟ ಮಂಜಿಗೆ ಗಾಡಿಗಳು ತಾಸುಗಟ್ಟಲೆ ತಡವಾಗುತ್ತವೆ. ಆಗ ದೆಹಲಿಯಲ್ಲಿ ಒಂದು ರಾತ್ರಿ ಕೈಯಲ್ಲಿಟ್ಟುಕೊಂಡೇ ಟಿಕೆಟ್ ಮಾಡಿಸಿ.

ಡಾರ್ಜಿಲಿಂಗ್‌ಗೆ ಸಿಕಂದರಾಬಾದಿನಿಂದ ಫಲಕ್‌ನುಮಾ ಎಕ್ಸ್‌ಪ್ರೆಸ್‌ನಲ್ಲಿ ಹೌರಾ, ಅಲ್ಲಿಂದ ಡಾರ್ಜಿಲಿಂಗ್ ಮೇಲ್‌ನಲ್ಲಿ ಬೆಟ್ಟದ ಬುಡದ ನಿಲ್ದಾಣವಾದ ನ್ಯೂ ಜಲಪಾಯ್‌ಗುರಿ. ತೊಡಕು ಎಲ್ಲಿ ಅಂದರೆ, ಡಾರ್ಜಿಲಿಂಗ್ ಮೇಲ್ ಹೊರಡುವುದು ಹೌರಾದಿಂದಲ್ಲ, ಹೂಗ್ಲಿಯ ಆಚೆಗಿನ ಸಿಯಾಲ್ದಾದಿಂದ. ಸಂಜೆಯ ಟ್ರಾಫಿಕ್‌ನಲ್ಲಿ ಲಗೇಜ್ ಹೊತ್ತು ಕೋಲ್ಕತ್ತಾ ದಾಟಬೇಕು. ಬೀದರ್‌ನವರಿಗೆ ಹೈದರಾಬಾದ್ ಹತ್ತಿರವಾದ್ದರಿಂದ ಡಾರ್ಜಿಲಿಂಗ್‌ಗೆ ಹತ್ತಿರದ ವಿಮಾನ ನಿಲ್ದಾಣವಾದ ಬಾಗ್‌ಡೋಗ್ರಾಕ್ಕೆ ವಿಮಾನ ಹಿಡಿಯುವುದೇ ಮೇಲು.

ಇನ್ನು ಗಾಡಿಗಳ ವಿಷಯ. ಕಾಲ್ಕಾ–ಶಿಮ್ಲಾ ಮಾರ್ಗ ಶುರುವಾದದ್ದು 1903ರಲ್ಲಿ. 96 ಕಿ.ಮೀ. ಉದ್ದ, ಹಳಿಗಳ ನಡುವಿನ ಅಂತರ 762 ಮಿ.ಮೀ. ಕಾಲ್ಕಾದ 656 ಮೀಟರಿನಿಂದ ಶಿಮ್ಲಾದ 2,076 ಮೀಟರಿಗೆ ಏರಲು ಐದು ತಾಸಿನ ಮೇಲೆ ಹಿಡಿಯುತ್ತದೆ. ಕಡಿದಾದ ಕಡೆಯಲ್ಲೂ ಏರು 33 ಮೀಟರಿಗೆ 1 ಮೀಟರಷ್ಟೇ. ಊಟಿಯಂತೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಏರುವ ಹಲ್ಲುಹಳಿ ಇಲ್ಲ. ಅಷ್ಟು ಸಣ್ಣ ಏರಿನಲ್ಲಿ ಅಷ್ಟು ಎತ್ತರ ಹೋಗಬೇಕೆಂದರೆ ದಾರಿಯನ್ನು ಸುತ್ತಿಸಲೇಬೇಕು. ಅದಕ್ಕೇ 900ಕ್ಕೂ ಹೆಚ್ಚು ತಿರುವು, 800ಕ್ಕೂ ಹೆಚ್ಚು ಸೇತುವೆ, 102 ಸುರಂಗ. ಕೊನೆಯ ಸುರಂಗದ ಮೇಲೆ 103 ಎಂದು ಕಂಡರೆ ಎಣಿಕೆ ತಪ್ಪಿತೆಂದು ಗಾಬರಿಯಾಗಬೇಡಿ, ಮಧ್ಯದ ಒಂದು ಈಗ ಇಲ್ಲ. ಬಡೋಗ್ ಸುರಂಗ 1.1 ಕಿ.ಮೀ.ಗೂ ಉದ್ದ, ಅದು ದಾಟುತ್ತಲೇ ಬರುವ ನಿಲ್ದಾಣದಲ್ಲಿ ಇಳಿದು ಚಹಾ ಕುಡಿಯಬಹುದು. ಕನೋಹ್ ಹತ್ತಿರದ ನಾಲ್ಕು ಅಂತಸ್ತಿನ ಕಮಾನು ಸೇತುವೆಯನ್ನು ಮಾತ್ರ ಕಣ್ತಪ್ಪಿಸಬೇಡಿ. ಉಕ್ಕಿನ ತೊಲೆಗಳ ಬದಲು ಕಲ್ಲಿನ ಕಮಾನುಗಳ ಮೇಲೆ ಕಮಾನು ಕಟ್ಟಿ ಕಣಿವೆ ದಾಟಿಸಿದ್ದಾರೆ. ಗಾಡಿ ಬಾಗುವಾಗ ಕಿಟಕಿಯಿಂದಲೇ ಅದು ಕಾಣುತ್ತದೆ.

ಎಡ ಕಿಟಕಿಯೋ ಬಲ ಕಿಟಕಿಯೋ ಎಂದು ಜಗಳ ಬೇಡ. ದಾರಿಯಲ್ಲಿ ಕಣಿವೆ ಆಗಾಗ ಪಕ್ಕ ಬದಲಿಸುತ್ತದೆ. ಕಿಟಕಿ ತೆರೆಯಲು ಬರುತ್ತದೆಯೇ ನೋಡಿ, ಅಷ್ಟು ಸಾಕು. ಶಿವಾಲಿಕ್ ಡೀಲಕ್ಸ್ ಮೆತ್ತನೆ ಸೀಟಿನ ಗಾಡಿ, ನಿಲ್ಲುವುದು ಕಡಿಮೆ. ಅಲ್ಲಲ್ಲಿ ನಿಂತು ಹೋಗುವ ಗಾಡಿಯೇ ಇಲ್ಲಿ ಚಲೋ, ಏಕೆಂದರೆ ನಿಂತಾಗಲೇ ಹಳೆಯ ನಿಲ್ದಾಣಗಳು ಕಾಣುವುದು.

ಡಾರ್ಜಿಲಿಂಗ್ ಮಾರ್ಗ ಇನ್ನೂ ಹಳೆಯದು, 1881ರಲ್ಲಿ ಡಾರ್ಜಿಲಿಂಗ್ ಮುಟ್ಟಿತು; ಹಳಿಗಳ ಅಂತರ 610 ಮಿ.ಮೀ. ಮಾತ್ರ. ಸುರಂಗ ಒಂದೂ ಇಲ್ಲ. ಮೊದಲೇ ಇದ್ದ ಹಿಲ್ ಕಾರ್ಟ್ ರಸ್ತೆಯ ಪಕ್ಕದಲ್ಲೇ ಹಳಿ ಹಾಸಿದ್ದರಿಂದ ಗಾಡಿ ಮತ್ತೆ ಮತ್ತೆ ರಸ್ತೆ ದಾಟುತ್ತದೆ, ಅಂಗಡಿಗಳ ಬಾಗಿಲಿಗೆ ತಾಗುವಂತೆ ಹೋಗುತ್ತದೆ. ಜೀಪುಗಳ ಸಾಲಿನಲ್ಲಿ ಅದೂ ಸಿಕ್ಕಿಕೊಳ್ಳುತ್ತದೆ. ನ್ಯೂ ಜಲಪಾಯ್‌ಗುರಿಯಿಂದ 88 ಕಿ.ಮೀ.ಗೆ ಏಳು ತಾಸಿನ ಮೇಲೆ ಹೋಗುತ್ತದೆ. ಹಂಚಿಕೊಂಡು ಹೋಗುವ ಜೀಪು ಅದೇ ದಾರಿಯನ್ನು ಅದರ ಅರ್ಧದಷ್ಟು ಹೊತ್ತಿನಲ್ಲಿ ಮುಗಿಸುತ್ತದೆ. ಮೇಲಾಗಿ ಇಡೀ ದಾರಿಯ ಗಾಡಿಗೆ ಹೂಡುವುದು ಡೀಸೆಲ್ ಎಂಜಿನ್.

ಉಗಿ ಎಂಜಿನ್ ಬೇಕಿದ್ದರೆ ಡಾರ್ಜಿಲಿಂಗ್–ಘುಮ್–ಡಾರ್ಜಿಲಿಂಗ್ ಜಾಯ್ ರೈಡ್‌ಗೆ ಬುಕ್ ಮಾಡಿ, ಎರಡು ತಾಸಿನ ಆಟ. ಐಆರ್‌ಸಿಟಿಸಿಯಲ್ಲಿ ಉಗಿ ಮತ್ತು ಡೀಸೆಲ್ ಸರದಿಗಳು ಬೇರೆ ಬೇರೆ, ದರವೂ ಬೇರೆ. ಕಡಿಮೆ ದರ ಕಂಡ ಕೂಡಲೇ ಒತ್ತಿದರೆ ಡೀಸೆಲ್ ಸಿಗುತ್ತದೆ. ಬತಾಸಿಯಾ ಲೂಪ್‌ನಲ್ಲಿ ಗಾಡಿ ತನ್ನದೇ ಹಳಿಯ ಮೇಲೆ ಸುತ್ತು ಹಾಕುತ್ತದೆ. ಘುಮ್ 2,258 ಮೀಟರ್, ದೇಶದ ಅತಿ ಎತ್ತರದ ರೈಲು ನಿಲ್ದಾಣ. ಡಾರ್ಜಿಲಿಂಗ್ ಅದಕ್ಕಿಂತ ತಗ್ಗಿನಲ್ಲಿದೆ, ಆದ್ದರಿಂದ ಹೋಗುವಾಗಲೇ ಏರು. ಹಳಿ ಒದ್ದೆಯಾಗಿದ್ದರೆ ಚಕ್ರ ಜಾರದಂತೆ ಎಂಜಿನ್ ಮುಂದೆ ಕೂತವರು ಕೈಯಿಂದ ಉಸುಕು ಉದುರಿಸುತ್ತಾರೆ. ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಕೂರಬೇಡಿ, ಕಲ್ಲಿದ್ದಲಿನ ಕಿಡಿ ತೂತು ಮಾಡುತ್ತದೆ.

ಜಾಯ್ ರೈಡ್‌ನಲ್ಲಿ ಸಿಗದ್ದು ಒಂದೇ: ಗಾಡಿ ಮುಂದೆ ಹೋಗಿ, ಹಿಮ್ಮುಖವಾಗಿ ಮೇಲೇರಿ, ಮತ್ತೆ ಮುಂದೆ ಸಾಗುವ ಝಿಗ್‌ಝಾಗ್‌ಗಳು. ಅವು ನಡುದಾರಿಯ ಊರಾದ ಕರ್ಸಿಯಾಂಗ್‌ಗಿಂತ ಕೆಳಗಿವೆ. ರೈಲಿನ ಹುಚ್ಚು ಅಷ್ಟೊಂದು ಇದ್ದವರು ಮಾತ್ರ ಇಡೀ ದಾರಿ ಕೂತುಕೊಳ್ಳಲಿ.

ಹವೆ. ಕಲಬುರಗಿಯಲ್ಲಿ 42 ಡಿಗ್ರಿ ಉರಿಯುವ ಮೇ ತಿಂಗಳಲ್ಲಿ ಶಿಮ್ಲಾದ ಹಗಲಿಗೆ ತೆಳು ಸ್ವೆಟರ್ ಸಾಕು. ಆಗ ಡಾರ್ಜಿಲಿಂಗ್ ತಂಪಾಗಿದ್ದರೂ ಮೋಡಕ್ಕೆ ಕಾಂಚನಜುಂಗಾ ಕಾಣುವ ಭರವಸೆ ಕಡಿಮೆ. ಅಕ್ಟೋಬರ್–ನವೆಂಬರ್‌ನಲ್ಲಿ ಆಕಾಶ ತಿಳಿಯಾಗುತ್ತದೆ. ಆದರೆ ದುರ್ಗಾಪೂಜೆಯ ವಾರ ಬಂಗಾಳವೇ ಅಲ್ಲಿರುತ್ತದೆ, ಕೋಣೆ ಮೊದಲೇ ಹಿಡಿಯಬೇಕು. ಜುಲೈಯಿಂದ ಸೆಪ್ಟೆಂಬರ್ ಎರಡೂ ಕಡೆ ಬೇಡ. 2010ರಲ್ಲಿ ಪಾಗ್ಲಾಝೋರಾದ ಭೂಕುಸಿತ ಡಾರ್ಜಿಲಿಂಗ್ ಮಾರ್ಗವನ್ನು ವರ್ಷಗಟ್ಟಲೆ ಕಡಿದಿತ್ತು. 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್ ಬಳಿ ಕೆಳಗಿನ ಮಣ್ಣು ಕೊಚ್ಚಿಹೋಗಿ ಶಿಮ್ಲಾ ಹಳಿ ಗಾಳಿಯಲ್ಲಿ ತೂಗಾಡಿತು.

ಎರಡೂ ಡಬ್ಬಿಗಳಲ್ಲಿ ದೊಡ್ಡ ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿಲ್ಲ, ಬಟ್ಟೆಯ ಬ್ಯಾಗೇ ಸರಿ. ಎರಡು ದಿನದ ರೈಲಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೆಡದೆ ಬರುತ್ತವೆ. ಮೊಸರು ಮಾತ್ರ ದಾರಿಯಲ್ಲಿ ಕೊಳ್ಳಿ. ಶಿಮ್ಲಾದ ಮಾಲ್ ರೋಡಿಗೆ ವಾಹನ ಬಿಡುವುದಿಲ್ಲ, ಹಮಾಲರ ಜತೆ ದರ ಮಾತಾಡಿಯೇ ಹೊರಡಿ, ಇಲ್ಲವೇ ಕೆಳಗಿನ ಕಾರ್ಟ್ ರೋಡಿನಿಂದ ಮೇಲಕ್ಕೊಯ್ಯುವ ಲಿಫ್ಟ್ (ಎಲಿವೇಟರ್) ಹತ್ತಿ. ಶಿಮ್ಲಾದಿಂದ ಇಳಿಯುವಾಗ ರೈಲಿನ ಹಟ ಬಿಡಿ. ರೈಲಿನಲ್ಲಿ ಮತ್ತೆ ಅದೇ ನೋಟ, ಅಷ್ಟೇ ಹೊತ್ತು; ಬಸ್ಸು ಬೇಗ ಕಾಲ್ಕಾ ಮುಟ್ಟಿಸುತ್ತದೆ, ದೆಹಲಿಯ ಗಾಡಿ ತಪ್ಪುವುದಿಲ್ಲ.