ಮೊಟ್ಟೆ ಬಾಲು, 1,350 ರೂಪಾಯಿ, ಮತ್ತು ಡಬ್ಲಿನ್‌ನ ಹುಡುಗ

ಇದು ಒಂದು ಬಾಲಿನ ರಿವ್ಯೂ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ಬಾಲು. ಐದನೇ ಸೈಜು, ಕೆಂಪು, ಸಿಂಥೆಟಿಕ್, ಜಲಂಧರದಲ್ಲಿ ಮಾಡಿದ್ದು, ಆನ್‌ಲೈನಲ್ಲಿ 1,350 ರೂಪಾಯಿ. ಮೂರು ತಿಂಗಳಿಂದ ವಾರಕ್ಕೆ ಎರಡು ಸಲ ಮೈಸೂರಿನ ಓವಲ್ ಮೈದಾನದಲ್ಲಿ, ಆಗಾಗ ಮಂಡ್ಯದಲ್ಲಿ ಅಕ್ಕನ ಮನೆ ಹಿಂದಿನ ಬಯಲಲ್ಲಿ ಒದ್ದು ನೋಡಿದ ಮೇಲೆ ಬರೆಯುತ್ತಿದ್ದೇನೆ. ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಕೊಡುವ ಪೈಕಿ ಅಲ್ಲ ನಾನು.

ಮೈಸೂರಲ್ಲಿ ಈ ಬಾಲು ಯಾರಿಗೆ ಬೇಕು ಅಂತ ಅನ್ನಿಸಬಹುದು. ನಮ್ಮ ಆಫೀಸಿನ ಕ್ಲೈಂಟ್ ಇರುವುದು ಮೆಲ್ಬರ್ನ್‌ನಲ್ಲಿ. ಜೂನ್, ಜುಲೈನಲ್ಲಿ ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ಇಲ್ಲಿ ನಾಲ್ಕೂವರೆ. ಆ ಹೊತ್ತಲ್ಲಿ ಕಣ್ಣುಜ್ಜಿಕೊಂಡು ಸೋಮವಾರದ ಕಾಲ್‌ಗೆ ಕೂತರೆ ಮೊದಲ ಹತ್ತು ನಿಮಿಷ ಕೆಲಸದ ಮಾತೇ ಇಲ್ಲ, ಬರೀ ಶನಿವಾರದ ಮ್ಯಾಚಿನ ಮಾತು. ಯಾರು ಮಾರ್ಕ್ ಹಿಡಿದರು (ಒದ್ದ ಬಾಲನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿಯುವುದು), ಯಾರು ಗೋಲು ತಪ್ಪಿಸಿದರು, ಅಂಪೈರ್ ಎಲ್ಲಿ ಎಡವಿದ. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ. ಅವರಲ್ಲೊಬ್ಬರು ಮೆಲ್ಬರ್ನ್ ಕ್ಲಬ್ಬಿನ ಹಳೇ ಅಭಿಮಾನಿ. ಒಂದು ದಿನ ಅವರೇ, ಈ ಆಟ ಹೊರಗಿನವರಿಗೆ ಅರ್ಥ ಆಗಬೇಕಾದರೆ ನಮ್ಮ ಕ್ಲಬ್ಬಿಗೆ ಆಡಿದ ಐರ್ಲೆಂಡಿನ ಜಿಮ್ ಸ್ಟೈನ್ಸ್ ಇದನ್ನು ಹೇಗೆ ಕಲಿತ ಅಂತ ಓದು ಅಂದರು. ಓದಿದೆ. ಓದಿದ್ದು ಸಾಕಾಗಲಿಲ್ಲ, ಬಾಲು ಬೇಕು ಅನ್ನಿಸಿತು. ಹೆಂಡತಿಗೆ ಇದನ್ನು ಹೇಗೆ ವಿವರಿಸಿದೆ ಅನ್ನುವುದು ಬೇರೆ ಕಥೆ.

ಮೊದಲು ಡೆಲಿವರಿ ವಿಷಯ. ಹೆಸರು ಬೇಡ, ಯಾವುದೋ ಸೆಲ್ಲರ್. ಮೊದಲ ಸಲ ಬಂದದ್ದು ರಗ್ಬಿ ಬಾಲು. ನೋಡಿದ ತಕ್ಷಣ ಗೊತ್ತಾಗಲಿಲ್ಲ, ಎರಡೂ ಮೊಟ್ಟೆ ಆಕಾರ ಅಲ್ವಾ. ತುದಿ ಯಾಕೋ ಜಾಸ್ತಿ ಚೂಪು ಅನ್ನಿಸಿ ಹೊಲಿಗೆ ಮಿಷನ್ ಡ್ರಾಯರಿನಲ್ಲಿದ್ದ ಟೇಪು ತೆಗೆದು ಸುತ್ತಳತೆ ನೋಡಿದೆ. ಈ ಆಟದ ಅಸಲಿ ಬಾಲಿನ ಅಳತೆ ನಿಯಮದಲ್ಲೇ ಇದೆ: ಉದ್ದಕ್ಕೆ ಸುತ್ತಿದರೆ 72ರಿಂದ 73 ಸೆಂಟಿಮೀಟರ್, ಹೊಟ್ಟೆಗೆ ಸುತ್ತಿದರೆ ಐವತ್ತೈದರ ಆಚೀಚೆ ಅರ್ಧ ಸೆಂಟಿಮೀಟರ್. ನನ್ನ ಕೈಲಿದ್ದದ್ದು ಹೊಟ್ಟೆಗೆ 60, ಉದ್ದಕ್ಕೆ 76. ಫೋನ್ ಮಾಡಿದರೆ ಆ ಕಡೆಯ ಹುಡುಗ, "ಎರಡೂ ಒಂದೇ ಸಾರ್, ಆಡಬಹುದು" ಅಂದ. ಒಂದೇ ಅಲ್ಲಪ್ಪಾ. ಟೇಪು ಇಟ್ಟು ಫೋಟೋ ಕಳಿಸಿ, ಹನ್ನೊಂದು ದಿನ ಕಾದ ಮೇಲೆ ಸರಿಯಾದ್ದು ಬಂತು. ತಗೊಳ್ಳುವವರು ಟೇಪು ರೆಡಿ ಇಟ್ಟುಕೊಳ್ಳಿ.

ಎರಡನೇ ಬಾಲು ಉದ್ದಕ್ಕೆ 72, ಹೊಟ್ಟೆಗೆ 55. ನಾಲ್ಕು ತುಂಡು ಸೇರಿಸಿ ಹೊಲಿದಿದ್ದಾರೆ, ಒಂದು ಕಡೆ ಬಿಳಿ ಲೇಸು. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ರಾಗಿ ಕಾಳು ಅಂಟಿಸಿದ ಹಾಗೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ರಬ್ಬರ್ ವಾಸನೆ ಮಾತ್ರ ವಾರಗಟ್ಟಲೆ ಹೋಗಲಿಲ್ಲ. ದೊಡ್ಡ ಮ್ಯಾಚಿನಲ್ಲಿ ಆಡುವುದು ಚರ್ಮದ ಶೆರಿನ್ ಬಾಲು, ಹಗಲಿಗೆ ಕೆಂಪು, ರಾತ್ರಿ ಲೈಟಿಗೆ ಹಳದಿ. ಅದು ಇದರ ಹಲವು ಪಟ್ಟು ದುಡ್ಡು, ಮೇಲೆ ಕಸ್ಟಮ್ಸ್ ಬೇರೆ. ಕಲಿಯುವವರಿಗೆ ಅದು ಬೇಡ.

ಗಾಳಿ ಇಲ್ಲದೆ ಬಂತು. ಪಂಚರ್ ಅಂಗಡಿಯವರ ಹತ್ತಿರ ಬಾಲಿಗೆ ಹಾಕುವ ಸೂಜಿ ಇರುವುದಿಲ್ಲ. ಸ್ಪೋರ್ಟ್ಸ್ ಅಂಗಡಿಯಿಂದ ಮೂವತ್ತು ರೂಪಾಯಿಗೆ ತಂದು, ವಾಲ್ವಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮನೆ ಸೈಕಲ್ ಪಂಪಿನಲ್ಲೇ ತುಂಬಿದೆ. ಎಣ್ಣೆ ಬಿಡದೆ ಸೂಜಿ ತೂರಿಸಿದರೆ ವಾಲ್ವ್ ಒಳಗೇ ಹೋಗುವ ಸಾಧ್ಯತೆ ಇದೆ, ಅನುಭವದ ಮಾತು, ಬೇರೊಂದು ಬಾಲಿನದ್ದು. 9ರಿಂದ 11 ಪಿಎಸ್‌ಐ ಇದ್ದರೆ ಸರಿ.

ಈಗ ಮುಖ್ಯ ವಿಷಯ. ಈ ಆಟದಲ್ಲಿ ಬಾಲು ಹಿಡಿದುಕೊಂಡು ಎಷ್ಟು ದೂರ ಬೇಕಾದರೂ ಓಡಬಹುದು, ಆದರೆ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ಕುಟ್ಟಿ ವಾಪಸ್ ಹಿಡಿಯಬೇಕು, ಇಲ್ಲಾ ನೆಲಕ್ಕೆ ಮುಟ್ಟಿಸಬೇಕು. ಓದುವಾಗ ಏನೂ ಅನ್ನಿಸುವುದಿಲ್ಲ. ನಿಂತ ಜಾಗದಲ್ಲಿ ಕುಟ್ಟಿ ನೋಡಿ. ದುಂಡಗಿನ ಚೆಂಡಾದರೆ ಬಿಟ್ಟ ಕೈಗೇ ಬರುತ್ತದೆ. ಇದು ಹೊಟ್ಟೆ ಮೇಲೆ ಬಿದ್ದರೆ ಪಕ್ಕಕ್ಕೆ ಹಾರುತ್ತದೆ, ಹಿಂದಿನ ತುದಿ ಬಿದ್ದರೆ ಮುಂದಕ್ಕೆ ಓಡಿಹೋಗುತ್ತದೆ. ಮುಂದಿನ ತುದಿ ನೆಲಕ್ಕೆ ತಾಗುವ ಹಾಗೆ ಓರೆಯಾಗಿ, ನಮ್ಮಿಂದ ಒಂದು ಮಾರು ಮುಂದಕ್ಕೆ ಒತ್ತಿ ಬಿಡಬೇಕು. ಆಗ ಮಾತ್ರ ತಿರುಗಿ ಎದೆಗೆ ಬರುತ್ತದೆ. ಮೊದಲ ದಿನ ಮೂವತ್ತು ಸಲ ಕುಟ್ಟಿದೆ, ನಾಲ್ಕು ಸಲ ಕೈಗೆ ಬಂತು. ಒಂದು ಸಲ ಸೀದಾ ಹೋಗಿ ವಾಕಿಂಗ್ ಬಂದಿದ್ದ ಹಿರಿಯರೊಬ್ಬರ ಕಾಲಿಗೆ ಬಡಿಯಿತು. ಅವರು ಎತ್ತಿಕೊಂಡು, ತಿರುಗಿಸಿ ನೋಡಿ, "ಏನಪ್ಪಾ ಇದು, ಕೆಂಪು ಬಣ್ಣ ಹೊಡೆದ ತೆಂಗಿನಕಾಯಿ ಇದ್ದ ಹಾಗಿದೆ" ಅಂತ ವಾಪಸ್ ಕೊಟ್ಟರು.

ಅವತ್ತು ಅಲ್ಲೇ ಕಲ್ಲಿನ ಮೇಲೆ ಕೂತು ಸ್ಟೈನ್ಸ್ ನೆನಪಾದ.

1966ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನು. ಆಡುತ್ತಿದ್ದದ್ದು ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್. ಅದರಲ್ಲೂ ಕೈಲಿ ಹಿಡಿಯಬಹುದು, ಒದೆಯಬಹುದು, ಆದರೆ ಬಾಲು ದುಂಡಗೆ. 1984ರಲ್ಲಿ ಡಬ್ಲಿನ್‌ನ ಮೈನರ್, ಅಂದರೆ ಹುಡುಗರ ತಂಡದ ಜೊತೆ ಆಲ್ ಐರ್ಲೆಂಡ್ ಚಾಂಪಿಯನ್‌ಶಿಪ್ ಗೆದ್ದ. ಆಗ ಮೆಲ್ಬರ್ನ್ ಕ್ಲಬ್ಬಿನ ಕೋಚ್ ರಾನ್ ಬರಾಸಿ. ಐರ್ಲೆಂಡಿನ ಎತ್ತರದ ಹುಡುಗರನ್ನು ಕರೆತಂದರೆ ಈ ಆಟ ಕಲಿಸಬಹುದು ಅನ್ನುವುದು ಬರಾಸಿ ಲೆಕ್ಕ. ಕ್ಲಬ್ಬಿನವರು ಅಲ್ಲಿ ಜಾಹೀರಾತು ಹಾಕಿದರು: ಬನ್ನಿ, ಆಡಿ, ಜೊತೆಗೆ ಓದಿಸುತ್ತೇವೆ. ಸ್ಟೈನ್ಸ್ ಅರ್ಜಿ ಹಾಕಿದ. ಹದಿನೆಂಟು ವರ್ಷಕ್ಕೆ, 1984ರ ನವೆಂಬರಿನಲ್ಲಿ ವಿಮಾನ ಹತ್ತಿ ಬಂದ. ಜೊತೆಗೆ ಬಂದ ಇನ್ನೊಬ್ಬ ಹುಡುಗ ವಾಪಸ್ ಹೋದ. ಇವನು ಉಳಿದ.

ಉಳಿದ ಅಂದರೆ ಏನು ಅಂತ ಯೋಚನೆ ಮಾಡಿ. ಹುಟ್ಟಿನಿಂದ ದುಂಡಗಿನ ಚೆಂಡು ಆಡಿದವನ ಕೈ, ಕಾಲು, ಕಣ್ಣು ಮೂರೂ ಒಂದು ಅಂದಾಜಿಗೆ ಒಗ್ಗಿರುತ್ತವೆ. ಇಲ್ಲಿ ಅದನ್ನೆಲ್ಲ ಅಳಿಸಿ ಬರೆಯಬೇಕು. ಅವನ ಜೊತೆ ಟ್ರೈನಿಂಗಿಗೆ ಬರುತ್ತಿದ್ದ ಹುಡುಗರು ನಡೆಯಲು ಕಲಿತಾಗಿನಿಂದ ಈ ಮೊಟ್ಟೆ ಬಾಲನ್ನೇ ಒದ್ದವರು. ಮೊದಲು ಹತ್ತೊಂಬತ್ತರ ಒಳಗಿನವರ ತಂಡ. 1986ರಲ್ಲೂ ಮೆಲ್ಬರ್ನ್‌ನ ಮೇನ್ ಟೀಮಿನಲ್ಲಿ ಜಾಗ ಇಲ್ಲ, ಕೆಳಗಿನ ಮಟ್ಟದ ಲೀಗಿನಲ್ಲಿ ಪ್ರಾಹ್ರಾನ್ ಅನ್ನುವ ಕ್ಲಬ್ಬಿಗೆ ಆಡಿದ. ಮೇನ್ ಟೀಮಿಗೆ ಬಂದದ್ದು 1987ರಲ್ಲಿ. ನನಗೆ ಈ ನಡುವಿನ ಎರಡು ವರ್ಷವೇ ಜಾಸ್ತಿ ಇಷ್ಟ. ಅದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ, ಎಲ್ಲರೂ ಮುಂದಿನ ಘಟನೆಗೆ ಹಾರುತ್ತಾರೆ.

ಸರಿ, ನಾನೂ ಹಾರುತ್ತೇನೆ. 1964ರ ನಂತರ ಮೆಲ್ಬರ್ನ್ ಫೈನಲ್ಸ್, ಅಂದರೆ ಲೀಗ್ ಮ್ಯಾಚು ಮುಗಿದ ಮೇಲಿನ ಸುತ್ತುಗಳ ಮುಖ ನೋಡಿದ್ದೇ 1987ರಲ್ಲಿ. ಸೆಪ್ಟೆಂಬರಿನ ಪ್ರಿಲಿಮಿನರಿ ಫೈನಲ್, ಅಂದರೆ ನಮ್ಮ ಲೆಕ್ಕದಲ್ಲಿ ಸೆಮಿಫೈನಲ್, ಎದುರಿಗೆ ಹಾಥಾರ್ನ್. ಮೆಲ್ಬರ್ನ್ ನಾಲ್ಕು ಪಾಯಿಂಟ್ ಮುಂದೆ, ಆಟ ಮುಗಿಯುವ ಹೊತ್ತು. ಹಾಥಾರ್ನ್‌ನ ಗ್ಯಾರಿ ಬಕೆನಾರಾಗೆ ಫ್ರೀ ಕಿಕ್ ಸಿಕ್ಕಿತು. ಗೋಲಿಗೆ ಆರು ಪಾಯಿಂಟ್, ಆದರೆ ಅವನು ಇದ್ದದ್ದು ತುಂಬಾ ದೂರ. ಫ್ರೀ ಕಿಕ್ ತಗೊಳ್ಳುವವನ ಮುಂದಿನ ಜಾಗವನ್ನು ಅಡ್ಡ ಹಾಯಬಾರದು. ಸ್ಟೈನ್ಸ್ ಇನ್ನೊಬ್ಬ ಎದುರಾಳಿಯನ್ನು ಹಿಡಿಯಲು ಅಲ್ಲೇ ಅಡ್ಡ ಓಡಿಬಿಟ್ಟ. ಅಂಪೈರ್ ಹದಿನೈದು ಮೀಟರ್ ದಂಡ ಹಾಕಿದ. ಬಕೆನಾರಾ ಅಷ್ಟು ಮುಂದೆ ಬಂದ, ಆಟ ಮುಗಿದ ಸೈರನ್ ಆದ ಮೇಲೆ ಒದ್ದ, ಗೋಲು. ಎರಡೇ ಪಾಯಿಂಟಿನಲ್ಲಿ ಮೆಲ್ಬರ್ನ್ ಮನೆಗೆ. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಜಾನ್ ನಾರ್ದಿ ಈ ಹುಡುಗನಿಗೆ ಬೈಯುವ ವಿಡಿಯೋ ಇದೆ, ಸಿಕ್ಕರೆ ನೋಡಿ. ಇಪ್ಪತ್ತೊಂದು ವರ್ಷದ ಹುಡುಗ, ಮನೆಯಿಂದ ಅರ್ಧ ಭೂಮಿ ದೂರ, ಮೊದಲ ವರ್ಷ, ಊರಿಗೆ ಊರೇ ಇವನಿಂದಲೇ ಸೋತೆವು ಅನ್ನುತ್ತಿದೆ.

ಅವನು ಬಾಲು ಬಿಟ್ಟು ಮನೆಗೆ ಹೋಗಲಿಲ್ಲ. 1987ರಲ್ಲಿ ಶುರುವಾಗಿ 1998ರವರೆಗೆ ಒಂದೂ ಮ್ಯಾಚ್ ತಪ್ಪಿಸದೆ ಸತತ 244 ಆಡಿದ. 1991ರಲ್ಲಿ ಬ್ರೌನ್‌ಲೋ ಮೆಡಲ್, ಅಂದರೆ ಅಂಪೈರ್‌ಗಳೇ ವೋಟು ಹಾಕಿ ಆರಿಸುವ ಆ ವರ್ಷದ ಅತ್ಯುತ್ತಮ ಆಟಗಾರ. ಯಾವ ಅಂಪೈರ್ ಜಾತಿ ಅವನಿಗೆ ಹದಿನೈದು ಮೀಟರ್ ಕೊಟ್ಟಿತ್ತೋ ಅದೇ ಜಾತಿ. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಹೋದ, ಇನ್ನೂ 45 ವರ್ಷ.

ಮತ್ತೆ ಬಾಲಿಗೆ ಬರೋಣ.

ಒದೆಯುವುದಕ್ಕೆ ಈ ಬಾಲು ಚೆನ್ನಾಗಿದೆ. ತುದಿ ಕೆಳಗೆ ಮಾಡಿ ನೇರ ಹಿಡಿದು, ಕೈ ಬಿಟ್ಟು, ಪಾದದ ಮೇಲ್ಭಾಗಕ್ಕೆ ತಾಗಿಸಿದರೆ ಹಿಮ್ಮುಖವಾಗಿ ಉರುಳುತ್ತಾ ನೇರ ಹೋಗುತ್ತದೆ. ಇದಕ್ಕೆ ಡ್ರಾಪ್ ಪಂಟ್ ಅನ್ನುತ್ತಾರೆ. ಬಾಲು ಕೈ ಬಿಡುವಾಗ ಒಂಚೂರು ವಾಲಿದರೂ ಮುಗಿಯಿತು. ಮಂಡ್ಯದಲ್ಲಿ ಅಕ್ಕನ ಮಗ, ಹದಿನೈದು ವರ್ಷ, ಕಬಡ್ಡಿ ಹುಡುಗ, ಮೊದಲ ಸಲ ಮಾಮೂಲಿ ಫುಟ್‌ಬಾಲ್ ಅಂದುಕೊಂಡು ಹೆಬ್ಬೆರಳಲ್ಲಿ ಬಾರಿಸಿದ. ಪಕ್ಕದ ಕಬ್ಬಿನ ಗದ್ದೆಗೆ ಹೋಯಿತು. ಅರ್ಧ ಗಂಟೆ ಹುಡುಕಿದೆವು, ತೋಳೆಲ್ಲ ಗರಿ ಕುಯ್ದು ಉರಿ. ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು, "ಇದೇನ್ಲಾ ತಂದಿದ್ದೀಯ, ದುಂಡಗಿರೋದು ಸಿಗ್ಲಿಲ್ವಾ ನಿಂಗೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಹುಡುಗ ಒಂದು ವಿಷಯದಲ್ಲಿ ನನಗಿಂತ ಬೇಗ ಕಲಿತ. ಈ ಆಟದಲ್ಲಿ ಕೈಯಿಂದ ಎಸೆಯುವ ಹಾಗಿಲ್ಲ. ಒಂದು ಅಂಗೈಲಿ ಬಾಲು ಇಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಅವನಿಗೆ ಅದು ಮೊದಲ ದಿನವೇ ಬಂತು, ನನ್ನ ಎದೆಗೆ ಸರಿಯಾಗಿ ಬರುತ್ತಿತ್ತು. "ಮಾವ, ನೀವು ಬಾಲು ಗುದ್ದೋದಲ್ಲ, ಹಿಟ್ಟು ನಾದ್ತಾ ಇದ್ದೀರಾ" ಅಂತ ನಕ್ಕ. ಕುಟ್ಟಿ ಓಡುವುದು ಅವನಿಗೆ ಇನ್ನೂ ಬಂದಿಲ್ಲ. ನನಗೆ ಈಗ ಮೂವತ್ತಕ್ಕೆ ಹತ್ತೊಂಬತ್ತು, ನಡೆಯುತ್ತಾ. ಓಡುತ್ತಾ ಆದರೆ ಆರೋ ಏಳೋ. ಮೂರು ತಿಂಗಳಿಗೆ ಇಷ್ಟು.

ಕೊರತೆ ಏನು ಅಂದರೆ, ಗಾಳಿ ನಿಲ್ಲುವುದಿಲ್ಲ. ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ, ಮೆತ್ತಗಾದ ಮೇಲೆ ಕುಟ್ಟಿದರೆ ನೆಲ ಬಿಟ್ಟು ಮೇಲೇಳುವುದೇ ಇಲ್ಲ, ತಪ್ಪು ನಮ್ಮದೋ ಬಾಲಿನದೋ ಗೊತ್ತಾಗುವುದಿಲ್ಲ. ಹಾಗಾಗಿ ಆಡುವ ಮುಂಚೆ ಪ್ರತಿ ಸಲ ಪಂಪು ಹೊಡೆಯಿರಿ. ಮಳೆ ಬಂದ ದಿನ ಹೊಲಿಗೆ ಸಂದಿಯಲ್ಲಿ ನೀರು ಕುಡಿದು ಭಾರ ಆಗುತ್ತದೆ, ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ನನ್ನದರ ಒಂದು ಪಕ್ಕ ಈಗಾಗಲೇ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿದೆ. ಲೇಸಿನ ಹತ್ತಿರ ಒಂದು ಹೊಲಿಗೆ ಬಿಚ್ಚಿದೆ. ಡಾಂಬರು ರಸ್ತೆಯಲ್ಲಂತೂ ಕುಟ್ಟಲೇಬೇಡಿ, ತುದಿ ಸವೆಯುತ್ತದೆ, ಸವೆದರೆ ತಿರುಗಿ ಬರುವ ಅಂದಾಜೇ ಕೆಡುತ್ತದೆ.

ಮಕ್ಕಳಿಗೆ ತಗೊಳ್ಳುವುದಾದರೆ ಐದನೇ ಸೈಜು ಬೇಡ, ಚಿಕ್ಕದು ನೋಡಿ, ಅವರ ಕೈಗೆ ಇದು ದೊಡ್ಡದಾಗುತ್ತದೆ. ಆಟ ಆಡುವುದಕ್ಕೆ ಟೀಮು ಬೇಕು ಅಂತ ಕಾಯಬೇಡಿ, ನಿಯಮದ ಪ್ರಕಾರ ಒಂದೊಂದು ಕಡೆ ಹದಿನೆಂಟು ಜನ, ಮೈಸೂರಲ್ಲಿ ಮೂವತ್ತಾರು ಜನರನ್ನು ಎಲ್ಲಿಂದ ತರುತ್ತೀರಿ. ಇಬ್ಬರು ಸಾಕು, ಒಬ್ಬ ಒದೆಯಲು, ಒಬ್ಬ ಹಿಡಿಯಲು.

ಐದಕ್ಕೆ ಮೂರೂವರೆ ಸ್ಟಾರ್. ಕಳೆದ ಅರ್ಧ ವಾಲ್ವಿಗೆ, ಒಂದು ಆ ಹನ್ನೊಂದು ದಿನಕ್ಕೆ. ಬಿಚ್ಚಿದ ಹೊಲಿಗೆಯನ್ನು ಶನಿವಾರ ಚಪ್ಪಲಿ ರಿಪೇರಿಯವರಿಗೆ ತೋರಿಸಬೇಕು, ಮೇಣ ಹಚ್ಚಿದ ದಾರದಲ್ಲಿ ಇಪ್ಪತ್ತು ರೂಪಾಯಿಗೆ ಹಾಕಿಕೊಡುತ್ತೇನೆ ಅಂದಿದ್ದಾರೆ. ಭಾನುವಾರ ಹುಡುಗ ಮಂಡ್ಯದಿಂದ ಬೆಳಿಗ್ಗೆ ಟ್ರೈನಿಗೆ ಬರುತ್ತಾನಂತೆ, ಈ ಸಲ ಅವನೂ ಮೂವತ್ತು ಸಲ ಕುಟ್ಟಿ ಎಣಿಸಬೇಕಂತೆ.